ಪ್ರಸ್ಥದ ತೂಕ: ಪಾಕದ್ರವ್ಯಗಳ ಮಾನ–ಉನ್ಮಾನಗಳ ಪರಿವರ್ತನೆಯನ್ನು ಕುರಿತು

ಮಂಗಳೂರು ನಗರದ ತೆಂಕಣ ಭಾಗದಲ್ಲಿ, ನೇತ್ರಾವತಿಯು ಅಳಿವೆಯನ್ನು ಸೇರಲು ಸಾಗುವ ದಂಡೆಯ ಮೇಲೆ ಬೋಳಾರವಿದೆ. ಮಂಗಳಾದೇವಿಯ ದೇವಾಲಯದಿಂದಲೂ ಹೆಂಚಿನ ಕಾರ್ಖಾನೆಗಳಿಂದಲೂ ಹೆಸರಾದ ಈ ಕೇರಿಯ ಎದುರುದಂಡೆಯೇ ಚೌಟರ ಉಳ್ಳಾಲ. ರಸ್ತೆಗಳು ಬಲಗೊಳ್ಳುವ ಮೊದಲು ಬಂಟ್ವಾಳ, ಪಾಣೆಮಂಗಳೂರುಗಳಿಂದ ಸರಕು ಹೊತ್ತ ದೋಣಿಗಳು ಇದೇ ನೀರಿನಲ್ಲಿ ಇಳಿದು ಮಂಗಳೂರನ್ನು ಮುಟ್ಟುತ್ತಿದ್ದವು. ಆ ಸರಕಿನಲ್ಲಿ ಅಕ್ಕಿ ಮುಖ್ಯವಾದುದು. ಅದು ಬರುತ್ತಿದ್ದುದು ಬೈಹುಲ್ಲಿನಿಂದ ಬಿಗಿದು ಕಟ್ಟಿದ ಮುಡಿಗಳ ರೂಪದಲ್ಲಿ. ಮುಡಿಯೆಂದರೆ ಕಟ್ಟು, ಆದರೆ ಅದು ಅಳತೆಯ ಹೆಸರೂ ಹೌದು, ಗದ್ದೆಯ ವಿಸ್ತಾರವನ್ನು ಬಿತ್ತನೆಯ ಪ್ರಮಾಣದಿಂದ ಹೇಳುವಾಗ ನೆಲದ ಹೆಸರೂ ಹೌದು. ಇಂದು ಬೋಳಾರದ ಅಂಗಡಿಯಲ್ಲಿ ಅಕ್ಕಿ ಕಿಲೋ ಲೆಕ್ಕದಲ್ಲಿ ದೊರೆಯುತ್ತದೆ. ಮನೆಗೆ ಬಂದ ಮೇಲೆ ಅದೇ ಅಕ್ಕಿಯನ್ನು ಹಿರಿಯ ಹೆಂಗಸರು ಕುಡ್ತೆಯಿಂದಲೋ ಪಾವಿನಿಂದಲೋ ಅಳೆದು ನೀರಿಗೆ ಹಾಕುತ್ತಾರೆ. ಕೊಳ್ಳುವುದು ತೂಕದಲ್ಲಿ, ಬೇಯಿಸುವುದು ಅಳತೆಯಲ್ಲಿ. ನಡುವಿನ ಲೆಕ್ಕವನ್ನು ಕೈಯ ಅಭ್ಯಾಸವು ಸರಿದೂಗಿಸುತ್ತದೆ.

ಹಸ್ತಪ್ರತಿಗಳನ್ನು ಓದುವವರಿಗೆ ಈ ಕೈಯ ಅಭ್ಯಾಸದ ನೆರವಿಲ್ಲ. ಸೂಪಶಾಸ್ತ್ರ, ವೈದ್ಯ, ಗಣಿತ ಗ್ರಂಥಗಳಲ್ಲಿಯೂ ದತ್ತಿಶಾಸನಗಳಲ್ಲಿಯೂ ಪ್ರಸ್ಥ, ಕುಡವ, ಸೊಲಗೆ, ಮಾನ, ಬಳ್ಳ, ಕೊಳಗ, ಹಾನೆ ಎಂಬ ಪದಗಳು ಬಂದಾಗ, ಸಂಪಾದಕರು ಗ್ರಂಥದ ಕೊನೆಯಲ್ಲಿ ಒಂದು ಕೋಷ್ಟಕವನ್ನು ಸೇರಿಸಿ, ಪ್ರತಿಯೊಂದಕ್ಕೂ ಇಷ್ಟು ಗ್ರಾಂ ಎಂದು ಬರೆದು ಮುಗಿಸುವುದು ರೂಢಿಯಾಗಿದೆ. ಓದುಗನಿಗೆ ಅನುಕೂಲವಾಗಲೆಂಬ ಸದುದ್ದೇಶದಿಂದಲೇ ಹೀಗೆ ಮಾಡುವುದಾದರೂ ಇದರಿಂದ ಒಂದು ಮೂಲಭೂತ ಭೇದವು ಅಳಿಸಿಹೋಗುತ್ತದೆ. ಪ್ರಸ್ಥವು ಒಂದು ಪಾತ್ರೆ. ಪಾತ್ರೆಗೆ ತನ್ನದೇ ಆದ ತೂಕದ ಪ್ರಮಾಣವಿಲ್ಲ. ಅದರೊಳಗೆ ತುಂಬಿದ ವಸ್ತುವಿಗೆ ತೂಕವಿದೆ. ಒಂದು ಲೀಟರ್ ಹಿಡಿಯುವ ಪಾತ್ರೆಯಲ್ಲಿ ಅಕ್ಕಿ ಅಥವಾ ಉದ್ದು ಸುಮಾರು ೮೦೦ ಗ್ರಾಂ ತೂಗಿದರೆ, ಗೋಧಿಹಿಟ್ಟು ಸುಮಾರು ೫೫೦, ತುಪ್ಪ ೯೦೦ಕ್ಕೆ ಸ್ವಲ್ಪ ಮೇಲೆ, ಜೇನು ಸುಮಾರು ೧೪೦೦ ಗ್ರಾಂ ತೂಗುತ್ತವೆ. ಅರಳು ನೂರು ಗ್ರಾಂ ಮುಟ್ಟುವುದೂ ಕಷ್ಟ. ಹೀಗಿರುವಾಗ ಪ್ರಸ್ಥಕ್ಕೆ ಗ್ರಾಂ ಎಷ್ಟು ಎಂಬ ಪ್ರಶ್ನೆಯನ್ನು ಕೇಳುವ ಮುನ್ನ ಯಾವ ವಸ್ತುವಿನ ಪ್ರಸ್ಥ ಎಂದು ಕೇಳಬೇಕಾಗುತ್ತದೆ. ಪ್ರಾಚೀನರು ಈ ಪ್ರಶ್ನೆಯನ್ನು ಕೇಳಿಕೊಂಡಿದ್ದರೆಂಬುದಕ್ಕೂ ಅವರ ಉತ್ತರವು ಒಂದು ಜೈನ ಗಣಿತ ಗ್ರಂಥದಲ್ಲಿ ಅಡಗಿ ಉಳಿದಿದೆಯೆಂಬುದಕ್ಕೂ ಆಧಾರಗಳಿವೆ.

ಜೈನಶಾಸ್ತ್ರವು ಈ ಎರಡು ಬಗೆಗಳನ್ನು ಮೊದಲಿನಿಂದಲೂ ಬೇರ್ಪಡಿಸಿದೆ. ತತ್ತ್ವಾರ್ಥಸೂತ್ರದ ಏಳನೆಯ ಅಧ್ಯಾಯದಲ್ಲಿ ಅಚೌರ್ಯವ್ರತದ ಅತಿಚಾರಗಳನ್ನು ಎಣಿಸುವಾಗ ಹೀನಾಧಿಕ ಮಾನೋನ್ಮಾನವೆಂಬುದೂ ಒಂದಾಗಿ ಬರುತ್ತದೆ. ಇದನ್ನು ವಿವರಿಸುವ ಪೂಜ್ಯಪಾದರು ತಮ್ಮ ಸರ್ವಾರ್ಥಸಿದ್ಧಿಯಲ್ಲಿ ಮಾನಕ್ಕೆ ಪ್ರಸ್ಥವನ್ನೂ ಉನ್ಮಾನಕ್ಕೆ ತುಲೆಯನ್ನೂ ಉದಾಹರಣೆಯಾಗಿ ಕೊಟ್ಟು, ಇತರರಿಗೆ ಕೊಡುವಾಗ ಕಿರಿದಾದುದರಿಂದಲೂ ತಾನು ಪಡೆಯುವಾಗ ಹಿರಿದಾದುದರಿಂದಲೂ ಅಳೆಯುವ ಕಪಟವೇ ಈ ಅತಿಚಾರವೆಂದು ತಿಳಿಸುತ್ತಾರೆ. ಅಳತೆಯ ಪಾತ್ರೆ ಮತ್ತು ತಕ್ಕಡಿ ಎರಡೂ ಶ್ರಾವಕನ ವ್ರತಕ್ಕೆ ಒಳಪಟ್ಟ ವಸ್ತುಗಳಾದವು. ಅವುಗಳ ಭೇದವು ಕೇವಲ ವ್ಯಾಪಾರಿಯ ಅನುಕೂಲದ ವಿಷಯವಾಗಿ ಉಳಿಯಲಿಲ್ಲ. ಎಂಟನೆಯ ಶತಮಾನದ ಅಕಲಂಕದೇವನು ರಾಜವಾರ್ತಿಕದಲ್ಲಿ ಲೌಕಿಕಮಾನವನ್ನು ಮಾನ, ಉನ್ಮಾನ, ಅವಮಾನ, ಗಣನಾ, ಪ್ರತಿಮಾನ, ತತ್ಪ್ರಮಾಣವೆಂದು ಆರಾಗಿ ವಿಂಗಡಿಸಿ, ಮೊದಲನೆಯದಾದ ಮಾನವನ್ನು ಮತ್ತೆ ರಸಮಾನ, ಬೀಜಮಾನ ಎಂದು ಎರಡಾಗಿಸುತ್ತಾನೆ. ತುಪ್ಪ ಮೊದಲಾದ ದ್ರವಗಳನ್ನು ಅಳೆಯುವುದು ಒಂದು, ಧಾನ್ಯಗಳನ್ನು ಅಳೆಯುವುದು ಇನ್ನೊಂದು.

ದ್ರವಕ್ಕೂ ಧಾನ್ಯಕ್ಕೂ ಬೇರೆ ಪಾತ್ರೆಗಳೇಕೆ ಬೇಕು ಎಂಬುದಕ್ಕೆ ಶ್ವೇತಾಂಬರ ಆಗಮವಾದ ಅನುಯೋಗದ್ವಾರಸೂತ್ರವು ಸೊಗಸಾದ ಕಾರಣವನ್ನು ಕೊಡುತ್ತದೆ. ಧಾನ್ಯವನ್ನು ಪಾತ್ರೆಯ ಬಾಯಿಗಿಂತ ಮೇಲೆ ರಾಶಿಯಾಗಿ ತುಂಬಬಹುದು. ಆ ತುದಿಗೆ ಶಿಖೆಯೆಂದು ಹೆಸರು. ದ್ರವಕ್ಕೆ ಶಿಖೆ ನಿಲ್ಲದು. ಆದಕಾರಣ ರಸಮಾನದ ಪಾತ್ರೆಯನ್ನು ಧಾನ್ಯಮಾನದ ಪಾತ್ರೆಗಿಂತ ನಾಲ್ಕನೆಯ ಒಂದಂಶ ಹಿರಿದಾಗಿಸಿ, ಶಿಖೆಯನ್ನು ಪಾತ್ರೆಯ ಒಳಗೇ ಅಡಗಿಸಬೇಕು. ಅಲ್ಲಿಯ ಧಾನ್ಯಮಾನದ ಶ್ರೇಣಿ ಅಸೃತಿ, ಪ್ರಸೃತಿಗಳೆಂಬ ಕೈಯಳತೆಗಳಿಂದ ಆರಂಭವಾಗಿ, ಸೇತಿಕೆಯನ್ನು ದಾಟಿ, ಕುಡವ, ಪ್ರಸ್ಥ, ಆಢಕ, ದ್ರೋಣಗಳೆಂದು ನಾಲ್ಕುನಾಲ್ಕರಂತೆ ಏರುತ್ತದೆ. ರಸಮಾನದ ಶ್ರೇಣಿಯಾದರೋ ೨೫೬ ಪಲಗಳ ಮಾಣಿಕೆಯನ್ನು ಮೇಲಿರಿಸಿ, ಅದನ್ನು ಅರೆ, ಕಾಲು, ಅರೆಕಾಲುಗಳಾಗಿ ಒಡೆಯುತ್ತ ಹೋಗುತ್ತದೆ. ೧೬ ಪಲದ್ದು ಷೋಡಶಿಕೆ, ಅಂದರೆ ಹದಿನಾರನೆಯ ಒಂದು ಪಾಲು. ಇಲ್ಲಿ ಗಮನಿಸಬೇಕಾದ ಸಂಗತಿ ಒಂದಿದೆ. ಪಲವು ತೂಕದ ಮಾನ. ದ್ರವದ ಪಾತ್ರೆಯ ಗಾತ್ರವನ್ನು ಅದರಲ್ಲಿ ಹಿಡಿಯುವ ದ್ರವದ ತೂಕದಿಂದಲೇ ನಿರ್ಧರಿಸಲಾಗಿದೆ.

ಶಿಖೆಯ ಈ ನಾಲ್ಕನೆಯ ಒಂದಂಶವು ಜೈನರಿಗೆ ಮಾತ್ರ ತಿಳಿದ ವಿಷಯವಲ್ಲ. ೧೯೦೫ರಲ್ಲಿ ಮೈಸೂರಿನ ಪ್ರಾಚ್ಯ ಪುಸ್ತಕಭಂಡಾರಕ್ಕೆ ತಂಜಾವೂರು ಸೀಮೆಯ ಪಂಡಿತರೊಬ್ಬರಿಂದ ಬಂದ ಓಲೆಗರಿಯ ಕಟ್ಟಿನಲ್ಲಿ ಆರ್. ಶಾಮಾಶಾಸ್ತ್ರಿಗಳು ಕೌಟಿಲೀಯ ಅರ್ಥಶಾಸ್ತ್ರವನ್ನು ಗುರುತಿಸಿ, ೧೯೦೯ರಲ್ಲಿ ಪ್ರಕಟಿಸಿದುದು ಸುಪ್ರಸಿದ್ಧ. ಆ ಗ್ರಂಥದ ಎರಡನೆಯ ಅಧಿಕರಣದಲ್ಲಿ ತುಲಾಮಾನಗಳ ಪ್ರಕರಣವೊಂದಿದೆ. ಒಣಗಿದ ಗಟ್ಟಿಮರದಿಂದ ಅಳತೆಯ ಪಾತ್ರೆಗಳನ್ನು ಮಾಡಿಸಬೇಕೆಂದೂ ಶಿಖೆಯು ನಾಲ್ಕನೆಯ ಒಂದಂಶವಾಗುವಂತೆ ಇಲ್ಲವೇ ಶಿಖೆಯು ಒಳಗೇ ಸೇರುವಂತೆ ಅವು ಇರಬೇಕೆಂದೂ ಅಲ್ಲಿ ವಿಧಿಸಲಾಗಿದೆ. ಅನುಯೋಗದ್ವಾರದ ನಿಯಮವೂ ಇದೂ ಒಂದೇ. ಎರಡು ಪರಂಪರೆಗಳು ಒಂದೇ ಅಂಕಿಯನ್ನು ಹೇಳುವಾಗ ಅದು ಗ್ರಂಥಕಾರನ ಕಲ್ಪನೆಯಲ್ಲ, ಸಂತೆಯಲ್ಲಿ ನಡೆಯುತ್ತಿದ್ದ ವ್ಯವಹಾರವೆಂದು ಗ್ರಹಿಸಬಹುದು. ಬಾಯಿಮಟ್ಟ ಅಳೆದ ಪ್ರಸ್ಥಕ್ಕೂ ಶಿಖೆಯೆತ್ತಿ ಅಳೆದ ಪ್ರಸ್ಥಕ್ಕೂ ಹೀಗೆ ನೂರಕ್ಕೆ ಇಪ್ಪತ್ತೈದರ ಅಂತರವುಂಟು. ಇದನ್ನು ವಿಚಾರಿಸದೆ ಗ್ರಾಂಗಳಲ್ಲಿ ದಶಾಂಶದವರೆಗೆ ಬರೆಯುವ ಕೋಷ್ಟಕದ ಸೂಕ್ಷ್ಮತೆಗೆ ಅರ್ಥವೇನೂ ಇಲ್ಲ.

ಕೌಟಿಲ್ಯನ ಪ್ರಕರಣದಲ್ಲಿ ಇದಕ್ಕಿಂತ ಮಹತ್ತ್ವದ ಇನ್ನೊಂದು ಅಂಶವಿದೆ. ಅವನು ದ್ರೋಣದ ಗಾತ್ರವನ್ನು ಅಂಗುಲಗಳಿಂದ ಹೇಳುವುದಿಲ್ಲ. ಉದ್ದಿನ ತೂಕದಿಂದ ಹೇಳುತ್ತಾನೆ. ೨೦೦ ಪಲ ಉದ್ದು ಹಿಡಿಯುವ ದ್ರೋಣವು ಆಯಮಾನ, ಅರ್ಥಾತ್ ಅರಮನೆಯ ಆದಾಯವನ್ನು ಅಳೆದುಕೊಳ್ಳುವುದು. ೧೮೭½ ಪಲದ್ದು ವ್ಯಾವಹಾರಿಕ, ಸಂತೆಯದು. ೧೭೫ ಪಲದ್ದು ಭಾಜನೀಯ, ಆಳುಕಾಳುಗಳಿಗೆ ಅಳೆದುಕೊಡುವುದು. ೧೬೨½ ಪಲದ್ದು ಅಂತಃಪುರಕ್ಕೆ ಕೊಡುವುದು. ತೆಗೆದುಕೊಳ್ಳುವ ದ್ರೋಣ ಹಿರಿದು, ಕೊಡುವ ದ್ರೋಣ ಕಿರಿದು. ಪೂಜ್ಯಪಾದರು ಯಾವುದನ್ನು ಅತಿಚಾರವೆಂದು ಕರೆದರೋ ಅದನ್ನೇ ಇಲ್ಲಿ ರಾಜ್ಯದ ಭಂಡಾರವು ಶಾಸನಬದ್ಧವಾಗಿ ನಡೆಸುತ್ತದೆ! ಈ ನಾಲ್ಕು ಅಂಕಿಗಳನ್ನು ಒಂದರ ಕೆಳಗೊಂದು ಬರೆದು ನೋಡಿದರೆ, ಪ್ರತಿಯೊಂದು ದ್ರೋಣವೂ ಹಿಂದಿನದಕ್ಕಿಂತ ಸರಿಯಾಗಿ ೧೨½ ಪಲದಷ್ಟು ಕಡಮೆಯಾಗುತ್ತದೆ. ದ್ರೋಣಕ್ಕೆ ನಾಲ್ಕು ಆಢಕ, ಆಢಕಕ್ಕೆ ನಾಲ್ಕು ಪ್ರಸ್ಥವಾದುದರಿಂದ ದ್ರೋಣಕ್ಕೆ ೧೬ ಪ್ರಸ್ಥ. ೨೦೦ ಪಲವನ್ನು ೧೬ರಿಂದ ಭಾಗಿಸಿದರೆ ಬರುವುದೂ ೧೨½ ಪಲವೇ. ಎಂದರೆ, ಹಿರಿಯ ದ್ರೋಣದಲ್ಲಿ ೧೬ ಪ್ರಸ್ಥವಿದ್ದರೆ ಮುಂದಿನವುಗಳಲ್ಲಿ ಅದೇ ಪ್ರಸ್ಥದ ಲೆಕ್ಕದಿಂದ ೧೫, ೧೪, ೧೩ ಇವೆ. ಒಂದೊಂದು ಮೆಟ್ಟಿಲಿಗೆ ಒಂದೊಂದು ಪ್ರಸ್ಥವನ್ನು ಕಳೆಯಲಾಗಿದೆ.

ಅಡುಗೆಗೆ ಸಂಬಂಧಿಸಿದ ಪರಿವರ್ತನೆಯೂ ಅರ್ಥಶಾಸ್ತ್ರಕ್ಕೆ ಅಪರಿಚಿತವಲ್ಲ. ಆರ್ಯನೊಬ್ಬನ ಊಟಕ್ಕೆ ಮುರಿಯದ, ಶುದ್ಧವಾದ ಅಕ್ಕಿ ಒಂದು ಪ್ರಸ್ಥ, ಅದರ ಕಾಲು ಭಾಗ ಬೇಳೆ, ಬೇಳೆಯ ಹದಿನಾರನೆಯ ಒಂದಂಶ ಉಪ್ಪು ಎಂದು ಕೋಷ್ಠಾಗಾರದ ಪ್ರಕರಣವು ಲೆಕ್ಕ ಹಾಕುತ್ತದೆ. ಬೆಂದ ಮೇಲೆ ಅನ್ನವು ಹಾರಕ ಮೊದಲಾದ ಕಿರುಧಾನ್ಯಗಳಲ್ಲಿ ಮೂರರಷ್ಟು, ವ್ರೀಹಿಯಲ್ಲಿ ನಾಲ್ಕರಷ್ಟು, ಶಾಲಿಯಲ್ಲಿ ಐದರಷ್ಟು ಆಗುವುದೆಂದೂ ಅಲ್ಲಿದೆ. ಉಗ್ರಾಣದವನು ಕೊಟ್ಟ ಅಕ್ಕಿಗೂ ಅಡುಗೆಯವನು ಬಡಿಸಿದ ಅನ್ನಕ್ಕೂ ತಾಳೆ ನೋಡಲು ಈ ಲೆಕ್ಕ ಬೇಕಾಗಿತ್ತು. ಕಳವನ್ನು ಹಿಡಿಯುವ ಉಪಾಯವೆಂದೂ ಇದನ್ನು ಕಾಣಬಹುದು.

ಇನ್ನು ಮಹಾವೀರಾಚಾರ್ಯನ ಗಣಿತಸಾರಸಂಗ್ರಹದ ಕಡೆಗೆ ಬರಬಹುದು. ರಾಷ್ಟ್ರಕೂಟ ಅಮೋಘವರ್ಷ ನೃಪತುಂಗನ ಕಾಲದಲ್ಲಿ, ಕ್ರಿ.ಶ. ೮೫೦ರ ಸುಮಾರಿಗೆ ರಚಿತವಾದ ಈ ಗ್ರಂಥವನ್ನು ಎಂ. ರಂಗಾಚಾರ್ಯರು ೧೯೧೨ರಲ್ಲಿ ಮದರಾಸಿನಿಂದ ಇಂಗ್ಲಿಷ್ ಅನುವಾದದೊಡನೆ ಪ್ರಕಟಿಸಿದರು. ಅವರು ಬಳಸಿದ ಪ್ರತಿಗಳಲ್ಲಿ ಒಂದು ಮೂಡಬಿದಿರೆಯ ಜೈನಮಠದ ಓಲೆಗರಿಯ ಪ್ರತಿಯನ್ನು ಆಧರಿಸಿದುದು. ಬೋಳಾರಕ್ಕೆ ಒಂದು ದಿನದ ನಡಿಗೆಯಷ್ಟೇ ದೂರದ ಆ ಭಂಡಾರವು ಈ ಗ್ರಂಥದ ಪಾಠನಿರ್ಣಯಕ್ಕೆ ನೆರವಾಯಿತೆಂಬುದು ತುಳುನಾಡಿಗೆ ಹೆಮ್ಮೆಯ ವಿಷಯ. ಮುಂದೆ ೨೦೦೦ದಲ್ಲಿ ಪದ್ಮಾವತಮ್ಮನವರ ಕನ್ನಡ ಅನುವಾದವು ಹೊಂಬುಜದ ಜೈನಮಠದಿಂದ ಹೊರಬಂದಿತು.

ಗ್ರಂಥದ ಮೊದಲ ಅಧಿಕಾರವಾದ ಸಂಜ್ಞಾಪ್ರಕರಣದಲ್ಲಿ ಧಾನ್ಯಪರಿಭಾಷೆಯು ಷೋಡಶಿಕೆಯಿಂದ ಆರಂಭವಾಗುತ್ತದೆ. ನಾಲ್ಕು ಷೋಡಶಿಕೆಗೆ ಒಂದು ಕುಡವ, ನಾಲ್ಕು ಕುಡವಕ್ಕೆ ಪ್ರಸ್ಥ, ಹೀಗೆ ಆಢಕ, ದ್ರೋಣ, ಮಾನಿ, ಖಾರಿಗಳವರೆಗೂ ನಾಲ್ಕರ ಗುಣಾಕಾರವೇ ನಡೆಯುತ್ತದೆ. ಷೋಡಶಿಕೆಯು ಇಲ್ಲಿ ಪ್ರಸ್ಥದ ಹದಿನಾರನೆಯ ಒಂದು ಪಾಲು. ಅಕಲಂಕನಲ್ಲಿ ಇದೇ ಹೆಸರು ತುಪ್ಪವನ್ನು ಅಳೆಯುವ ರಸಮಾನಕ್ಕೆ ಸೇರಿದ್ದರೆ, ಅನುಯೋಗದ್ವಾರದಲ್ಲಿ ಮಾಣಿಕೆಯ ಹದಿನಾರನೆಯ ಪಾಲಿನ ಹೆಸರು. ಹೆಸರೊಂದೇ ಆದರೂ ಅದು ಯಾವುದರ ಹದಿನಾರನೆಯ ಪಾಲು ಎಂಬುದು ಗ್ರಂಥದಿಂದ ಗ್ರಂಥಕ್ಕೆ ಬದಲಾಗಿದೆಯೆಂಬುದನ್ನು ಶಬ್ದಕೋಶಗಳನ್ನು ಮಾತ್ರ ನಂಬಿ ಕೆಲಸ ಮಾಡುವವರು ನೆನಪಿಡಬೇಕು.

ಧಾನ್ಯಪರಿಭಾಷೆಯ ಬಳಿಕ ಚಿನ್ನ, ಬೆಳ್ಳಿ, ಲೋಹಗಳ ಪರಿಭಾಷೆಗಳು ಬರುತ್ತವೆ, ಇವು ತೂಕಗಳು. ಚಿನ್ನದಲ್ಲಿ ಐದು ಗುಂಜೆಗೆ ಪಣ, ಎಂಟು ಪಣಕ್ಕೆ ಧರಣ, ಎರಡು ಧರಣಕ್ಕೆ ಕರ್ಷ, ನಾಲ್ಕು ಕರ್ಷಕ್ಕೆ ಪಲ. ಬೆಳ್ಳಿಯಲ್ಲಿ ಎರಡು ಗುಂಜೆಗೆ ಮಾಷ, ಹದಿನಾರು ಮಾಷಕ್ಕೆ ಧರಣ, ಎರಡೂವರೆ ಧರಣಕ್ಕೆ ಕರ್ಷ, ನಾಲ್ಕು ಕರ್ಷಕ್ಕೆ ಪಲ. ಎರಡು ದಾರಿಗಳಿಂದಲೂ ಪಲಕ್ಕೆ ೩೨೦ ಗುಂಜೆಯೇ ಬರುವುದರಿಂದ ಇಲ್ಲಿಯ ಪಾಠವು ಶುದ್ಧವೆಂದು ಹೇಳಬಹುದು. ಆದರೆ ಲೋಹಪರಿಭಾಷೆಯ ಕೊನೆಯಲ್ಲಿ ಒಂದು ವಿಲಕ್ಷಣ ಸಂಗತಿಯಿದೆ. ೧೨½ ಪಲಕ್ಕೆ ಒಂದು ಪ್ರಸ್ಥ, ೨೦೦ ಪಲಕ್ಕೆ ಒಂದು ತುಲೆ, ಹತ್ತು ತುಲೆಗೆ ಒಂದು ಭಾರ ಎಂದು ಆಚಾರ್ಯನು ಹೇಳುತ್ತಾನೆ.

ಧಾನ್ಯದ ಪಾತ್ರೆಯಾದ ಪ್ರಸ್ಥವು ಲೋಹಗಳ ತೂಕದ ಪಟ್ಟಿಯಲ್ಲಿ ಏಕೆ ಬಂದಿತು? ಬಂದರೂ ಹನ್ನೆರಡೂವರೆ ಎಂಬ ಅಂಕಿ ಎಲ್ಲಿಯದು? ನಾಲ್ಕರ ಗುಣಾಕಾರವನ್ನು ಮೆಚ್ಚುವ ಗ್ರಂಥಕಾರನಿಗೆ ಹದಿನಾರು ಪಲದ ಪ್ರಸ್ಥವೇ ಸಹಜವಾಗುತ್ತಿತ್ತು; ವೈದ್ಯರ ಪ್ರಸ್ಥವು ಹಾಗೆಯೇ ಇದೆ. ತುಲೆಯ ವಿಷಯವೂ ಹೀಗೆಯೇ. ಅಮರಕೋಶದ ಪ್ರಕಾರ ತುಲೆಯೆಂದರೆ ನೂರು ಪಲ, ಭಾರವೆಂದರೆ ಇಪ್ಪತ್ತು ತುಲೆ. ಕೌಟಿಲ್ಯನ ಭಾರವೂ ಇಪ್ಪತ್ತು ತುಲೆಯದೇ. ಮಹಾವೀರನ ಹತ್ತು ತುಲೆಯ ಭಾರವೂ ಅಮರನ ಇಪ್ಪತ್ತು ತುಲೆಯ ಭಾರವೂ ೨೦೦೦ ಪಲಗಳಾಗಿ ಒಂದೇ ಆಗುತ್ತವೆ. ಭಾರವು ಬದಲಾಗಿಲ್ಲ, ಒಳಗಿನ ತುಲೆ ಮಾತ್ರ ಇಮ್ಮಡಿಯಾಗಿದೆ.

ಕೌಟಿಲ್ಯನ ಉದ್ದಿನ ದ್ರೋಣವನ್ನು ಇದರ ಪಕ್ಕದಲ್ಲಿಟ್ಟರೆ ಎರಡು ಪ್ರಶ್ನೆಗಳೂ ಒಟ್ಟಿಗೆ ಬಗೆಹರಿಯುತ್ತವೆ. ಆಯಮಾನ ದ್ರೋಣದಲ್ಲಿ ತುಂಬಿದ ಉದ್ದು ೨೦೦ ಪಲ. ಅದೇ ಮಹಾವೀರನ ತುಲೆ. ಅದರ ಹದಿನಾರನೆಯ ಪಾಲಾದ ಪ್ರಸ್ಥದಲ್ಲಿ ತುಂಬಿದ ಉದ್ದು ೧೨½ ಪಲ. ಅದೇ ಮಹಾವೀರನ ತೂಕದ ಪ್ರಸ್ಥ. ಪಾತ್ರೆಯನ್ನು ಉದ್ದಿನಿಂದ ತುಂಬಿ ತಕ್ಕಡಿಗೆ ಹಾಕಿದಾಗ ಬಂದ ತೂಕಕ್ಕೆ ಪಾತ್ರೆಯ ಹೆಸರೇ ಅಂಟಿಕೊಂಡು, ಕಾಲಕ್ರಮದಲ್ಲಿ ಉದ್ದಿನ ನೆನಪು ಮರೆತುಹೋಗಿ, ಆ ತೂಕದಿಂದ ತಾಮ್ರ ಕಬ್ಬಿಣಗಳನ್ನೂ ತೂಗುವ ರೂಢಿ ಬಂದಿರಬೇಕು. ಮಹಾವೀರನು ಅರ್ಥಶಾಸ್ತ್ರವನ್ನು ನೋಡಿ ಬರೆದನೆಂದು ಇದರಿಂದ ಸಾಧಿಸಬೇಕಾಗಿಲ್ಲ. ಇಬ್ಬರೂ ಒಂದೇ ವ್ಯವಹಾರವನ್ನು ಬೇರೆಬೇರೆ ಕಾಲದಲ್ಲಿ ದಾಖಲಿಸಿದರೆಂದರೆ ಸಾಕು. ಲೋಹಪರಿಭಾಷೆಯಲ್ಲಿ ಪ್ರಸ್ಥವು ಲಿಪಿಕಾರನ ಪ್ರಮಾದದಿಂದ ಸೇರಿತೆಂದು ಶಂಕಿಸುವವರಿಗೂ ಈ ಹೊಂದಾಣಿಕೆಯೇ ಸಮಾಧಾನ. ತಪ್ಪಿ ಬಿದ್ದ ಅಕ್ಷರಗಳು ಹೀಗೆ ಲೆಕ್ಕಕ್ಕೆ ಕೂಡಿಬರುವುದಿಲ್ಲ.

ಇದನ್ನು ಇಂದಿನ ಮಾನಕ್ಕೆ ತರುವ ಪ್ರಯತ್ನದಲ್ಲಿ ಮಾತ್ರ ಎಚ್ಚರಿಕೆ ಬೇಕು. ಗುಲಗಂಜಿಯ ತೂಕವನ್ನು ೦.೧೨ ಗ್ರಾಂ ಎಂದು ಹಿಡಿದರೆ ಪಲವು ೩೮.೪ ಗ್ರಾಂ, ಉದ್ದಿನ ಪ್ರಸ್ಥವು ೪೮೦ ಗ್ರಾಂ, ಪಾತ್ರೆಯ ಗಾತ್ರವು ಸುಮಾರು ೬೦೦ ಮಿಲಿಲೀಟರ್ ಆಗುತ್ತದೆ. ೧೯೭೮ರಲ್ಲಿ ಭ���ರತ ಸರಕಾರವು ಪ್ರಕಟಿಸಿದ ಆಯುರ್ವೇದ ಯೋಗಸಂಗ್ರಹವು ಔಷಧತಯಾರಿಕೆಯ ಅನುಕೂಲಕ್ಕಾಗಿ ಪಲಕ್ಕೆ ೪೮ ಗ್ರಾಂ ಎಂದು ಗೊತ್ತುಪಡಿಸಿದೆ. ಅದನ್ನು ಹಿಡಿದರೆ ಪ್ರಸ್ಥವು ೬೦೦ ಗ್ರಾಂ, ಪಾತ್ರೆಯು ೭೫೦ ಮಿಲಿಲೀಟರ್. ಎರಡಕ್ಕೂ ನಡುವೆ ಮತ್ತೆ ಕಾಲು ಭಾಗದ ಅಂತರವೇ ಇದೆ. ಇಲ್ಲಿಯೂ ಶಿಖೆಯನ್ನು ಕಾಣುವ ಚಪಲವನ್ನು ತಡೆಯಬೇಕು. ಇದು ಪಲದ ತೂಕವನ್ನು ಎಷ್ಟೆಂದು ಹಿಡಿದರೆಂಬುದರಿಂದ ಬಂದ ಅಂತರವೇ ಹೊರತು ಬೇರೇನೂ ಅಲ್ಲ.

ವೈದ್ಯರು ಇದೇ ಸಮಸ್ಯೆಯನ್ನು ಬೇರೆ ಬಗೆಯಲ್ಲಿ ಪರಿಹರಿಸಿಕೊಂಡರು. ಶಾರ್ಙ್ಗಧರನಲ್ಲಿ ಎರಡು ಪಲಕ್ಕೆ ಪ್ರಸೃತಿ, ನಾಲ್ಕು ಪಲಕ್ಕೆ ಕುಡವ, ಹದಿನಾರು ಪಲಕ್ಕೆ ಪ್ರಸ್ಥ. ಅಂಗೈಯ ಗುಳಿಯಾಗಿದ್ದ ಪ್ರಸೃತಿಯೂ ಇಲ್ಲಿ ತೂಕವಾಗಿಬಿಟ್ಟಿದೆ. ಆದರೆ ದ್ರವಗಳನ್ನೂ ಹಸಿಯ ಮೂಲಿಕೆಗಳನ್ನೂ ಕುಡವದಿಂದ ಮೇಲಕ್ಕೆ ಇಮ್ಮಡಿಯಾಗಿ ತೆಗೆದುಕೊಳ್ಳಬೇಕೆಂಬ ನಿಯಮವು ಆಯುರ್ವೇದದಲ್ಲಿ ಪ್ರಸಿದ್ಧವಾಗಿದೆ. ಅದೇ ಶಾರ್ಙ್ಗಧರನು ದ್ರವಕ್ಕಾಗಿ ಕುಡವದ ಪಾತ್ರೆಯನ್ನು ನಾಲ್ಕು ಅಂಗುಲ ಅಗಲ, ನಾಲ್ಕು ಅಂಗುಲ ಎತ್ತರವೆಂದು ವರ್ಣಿಸುತ್ತಾನೆ; ಮಣ್ಣು, ಮರ, ಬಿದಿರು, ಲೋಹ ಯಾವುದರಿಂದಲೂ ಮಾಡಬಹುದು. ಅಂಗುಲವನ್ನು ೧.೯ ಸೆಂಟಿಮೀಟರ್ ಎಂದು ಭಾವಿಸಿದರೆ ಬಿದಿರಿನಂತೆ ದುಂಡಾದ ಪಾತ್ರೆಯು ಸುಮಾರು ೩೪೫ ಮಿಲಿಲೀಟರ್, ಚೌಕವಾದುದು ೪೩೯ ಮಿಲಿಲೀಟರ್ ಹಿಡಿಯುತ್ತದೆ. ೪೮ ಗ್ರಾಮಿನ ಪಲದ ಲೆಕ್ಕದಲ್ಲಿ ಇಮ್ಮಡಿಸಿದ ಕುಡವವು ೩೮೪ ಗ್ರಾಂ. ಅಷ್ಟು ನೀರು ಈ ಎರಡರ ನಡುವೆಯೇ ಬರುತ್ತದೆ. ಒಣಮೂಲಿಕೆಯ ಪುಡಿಯು ಸಮಗಾತ್ರದ ನೀರಿನ ಅರ್ಧದಷ್ಟು ತೂಗುವುದೆಂಬ ಅನುಭವವೇ ಇಮ್ಮಡಿಯ ನಿಯಮಕ್ಕೆ ಮೂಲವೆಂದು ತಿಳಿಯಲು ಅಡ್ಡಿಯಿಲ್ಲ. ಒಂದೇ ಪಾತ್ರೆಯಲ್ಲಿ ಪುಡಿ ನಾಲ್ಕು ಪಲ, ನೀರು ಎಂಟು ಪಲ. ಉದ್ದಿನ ಪ್ರಸ್ಥ ೧೨½ ಪಲ, ಒಣಮೂಲಿಕೆಯ ಪ್ರಸ್ಥ ೧೬ ಪಲ, ದ್ರವದ ಪ್ರಸ್ಥ ೩೨ ಪಲವೆಂದಾಗ, ಉಗ್ರಾದಿತ್ಯನ ಕಲ್ಯಾಣಕಾರಕವನ್ನಾಗಲಿ ಮಂಗರಾಜನ ಖಗೇಂದ್ರಮಣಿದರ್ಪಣವನ್ನಾಗಲಿ ಓದುವವನು ಪ್ರತಿ ಪ್ರಯೋಗದಲ್ಲಿಯೂ ದ್ರವ್ಯವನ್ನು ನೋಡಿಯೇ ಮುಂದೆ ಸಾಗಬೇಕಾಗುತ್ತದೆ.

ಕನ್ನಡನಾಡಿನ ಶಾಸನಗಳಲ್ಲಿ ವ್ಯವಹಾರವೆಲ್ಲವೂ ಬಹುಮಟ್ಟಿಗೆ ಪಾತ್ರೆಯದು. ಶ್ರವಣಬೆಳಗೊಳದ ಹದಿಮೂರನೆಯ ಶತಮಾನದ ಕೆಲವು ಶಾಸನಗಳು ಗೊಮ್ಮಟದೇವರ ನಿತ್ಯಾಭಿಷೇಕಕ್ಕೆ ಇಷ್ಟು ಮಾನ ಹಾಲೆಂದು ಗೊತ್ತುಮಾಡಿ ಗದ್ಯಾಣಗಳನ್ನು ಇಡುಗಂಟಾಗಿ ಕೊಟ್ಟುದನ್ನು ತಿಳಿಸುತ್ತವೆ. ತುಳುನಾಡಿನಲ್ಲಿ ಅಕ್ಕಿಯ ದತ್ತಿಗಳು ಹಾನೆ, ಮೂಡೆಗಳಲ್ಲಿವೆ. ಇಲ್ಲಿಯ ಶಾಸನಗಳು ಬರಿಯ ಮೂಡೆಯೆಂದು ಬಿಡದೆ ಇಷ್ಟು ಹಾನೆಯ ಮೂಡೆಯೆಂದು ಬಿಡಿಸಿ ಹೇಳುವುದುಂಟು. ಬರೆಯಿಸಿದವರಿಗೆ ಮೂಡೆಯು ಊರಿಂದೂರಿಗೆ ಬೇರೆಯಾಗುವುದು ತಿಳಿದಿತ್ತು. ೧೮೦೧ರಲ್ಲಿ ಈ ಸೀಮೆಯನ್ನು ಸುತ್ತಿದ ಫ್ರಾನ್ಸಿಸ್ ಬುಕಾನನ್ ಸಹ ಮುಡಿ, ಹಾನೆಗಳ ಲೆಕ್ಕವು ಎಡೆಯಿಂದೆಡೆಗೆ ಬದಲಾಗುವುದನ್ನು ಗುರುತು ಹಾಕಿಕೊಂಡನು. ಪಾತ್ರೆಯ ಗಾತ್ರವನ್ನು ತೂಕದಿಂದ ಕಟ್ಟಿಹಾಕುವ ಕೌಟಿಲ್ಯನ ಉಪಾಯವು ಆ ವೇಳೆಗೂ ಜೀವಂತವಾಗಿತ್ತು. ದಖ್ಖನಿನ ಹಲವೆಡೆ ಸೇರನ್ನು ನಿರ್ಧರಿಸಲು ನವಧಾನ್ಯಗಳನ್ನು ಸಮನಾಗಿ ಬೆರಸಿ, ಅವುಗಳ ಗೊತ್ತಾದ ತೂಕವು ಪಾತ್ರೆಯನ್ನು ತುಂಬುವಂತೆ ನೋಡಿಕೊಳ್ಳುತ್ತಿದ್ದರು. ಒಂದೇ ಧಾನ್ಯವನ್ನು ಹಿಡಿದರೆ ಅದು ಹೊಸದೋ ಹಳೆಯದೋ, ದಪ್ಪವೋ ಸಣ್ಣವೋ ಎಂಬುದರಿಂದ ತೂಕ ಬೇರೆಯಾಗುತ್ತದೆ. ಒಂಬತ್ತನ್ನು ಬೆರಸಿದರೆ ಏರುಪೇರು ಒಂದಕ್ಕೊಂದು ಸರಿಹೋಗುತ್ತದೆ. ಉದ್ದಿನಿಂದ ಮಾಡಿದ ನಿರ್ಣಯಕ್ಕಿಂತ ಇದು ಒಂದು ಹೆಜ್ಜೆ ಮುಂದಿನದು.

ದಕ್ಷಿಣ ಕನ್ನಡದ ಇತ್ತೀಚಿನ ಲೆಕ್ಕದಲ್ಲಿ ೧೪ ಸೇರಿಗೆ ಒಂದು ಕಳಸೆ, ಮೂರು ಕಳಸೆಗೆ ಒಂದು ಮುಡಿ. ಆದುದರಿಂದ ಮುಡಿಗೆ ೪೨ ಸೇರು. ಸೇರು ಎಂಬ ಪದವೂ ಪ್ರಸ್ಥದ ಹಾದಿಯನ್ನೇ ಹಿಡಿದಿತ್ತು. ಪಾತ್ರೆಗೂ ಸೇರೆಂದು ಹೆಸರು, ತಕ್ಕಡಿಯ ಕಲ್ಲಿಗೂ ಸೇರೆಂದೇ ಹೆಸರು. ಪಾತ್ರೆಯ ಸೇರಿನಲ್ಲಿ ೮೦ ತೊಲೆ ಅಕ್ಕಿ ಎಂಬ ಲೆಕ್ಕವನ್ನು ಹಿಡಿದರೆ ಅದು ೯೩೩ ಗ್ರಾಂ, ಮುಡಿಯು ೩೯ ಕಿಲೋ ೧೯೦ ಗ್ರಾಂ. ಆದರೆ ಅದೇ ಮುಡಿಯ ಕಟ್ಟಿನಲ್ಲಿ ಬಿತ್ತನೆಯ ಭತ್ತವಿದ್ದರೆ ತೂಕವು ಇದಕ್ಕಿಂತ ಬಹಳ ಕಡಮೆ. ಗೇಣಿಯನ್ನು ಮುಡಿಗಳಲ್ಲಿ ಸಲ್ಲಿಸುತ್ತಿದ್ದ ಒಕ್ಕಲಿಗೆ ಈ ವ್ಯತ್ಯಾಸಗಳು ಪಾಂಡಿತ್ಯದ ವಿಷಯವಾಗಿರಲಿಲ್ಲ. ಅಳೆಯುವ ಸೇರು ಯಾರ ಮನೆಯದು, ಬಾಯಿಮಟ್ಟವೋ ಶಿಖೆಯೋ ಎಂಬುದರ ಮೇಲೆ ಅವನ ಕಣಜದಲ್ಲಿ ಮಳೆಗಾಲಕ್ಕೆ ಉಳಿಯುವ ಅಕ್ಕಿ ನಿಂತಿರುತ್ತಿತ್ತು. ನೂರು ಸೇರಿನ ಗೇಣಿಯನ್ನು ಶಿಖೆಯೆತ್ತಿ ಅಳೆದರೆ ಹೋಗುವುದು ನೂರ ಇಪ್ಪತ್ತೈದು. ಆಯಮಾನ ದ್ರೋಣದ ಕಥೆಯು ಅಂಗಳಗಳಲ್ಲಿ ಹೀಗೆ ಮುಂದುವರಿದಿತ್ತು.

ಈ ವ್ಯವಸ್ಥೆ ಎರಡು ಹಂತಗಳಲ್ಲಿ ಕೊನೆಗೊಂಡಿತು. ೧೯೫೬ರಲ್ಲಿ, ಜಿಲ್ಲೆಯು ಮದರಾಸನ್ನು ಬಿಟ್ಟು ಮೈಸೂರು ರಾಜ್ಯವನ್ನು ಸೇರಿದ ವರ್ಷವೇ, ತೂಕ ಮತ್ತು ಅಳತೆಗಳ ಶಾಸನವು ಸಂಸತ್ತಿನಲ್ಲಿ ಅಂಗೀಕೃತವಾಯಿತು. ೧೯೫೮ರ ಅಕ್ಟೋಬರಿನಿಂದ ಕಿಲೋಗ್ರಾಂ ಹಂತಹಂತವಾಗಿ ಬಂದು, ೧೯೬೨ರ ಹೊತ್ತಿಗೆ ತೊಲೆ, ಸೇರು, ಮಣಗಳು ಅಂಗಡಿಯಿಂದ ಹೊರನಡೆದವು. ೧೯೭೪ರ ಮಾರ್ಚ್ ೧ರಿಂದ ಜಾರಿಗೆ ಬಂದ ಭೂಸುಧಾರಣೆಯ ತಿದ್ದುಪಡಿಯಿಂದ ಗೇಣಿಯೇ ಇಲ್ಲವಾದಾಗ, ಮುಡಿಯನ್ನು ಅಳೆಯುವ ಮುಖ್ಯ ಸಂದರ್ಭವೂ ಇಲ್ಲವಾಯಿತು.

ಉಳಿದುದು ಅಡುಗೆಮನೆ, ದೇವಸ್ಥಾನದ ನೈವೇದ್ಯದ ಅಕ್ಕಿ, ಬಸದಿಯ ಪೂಜಾದ್ರವ್ಯ. ಕರಾವಳಿಯ ಮನೆಗಳಲ್ಲಿ ಇಂದಿಗೂ ನಡೆಯುವ ಕುಡ್ತೆಯು ಸೇರಿನ ಕಾಲು ಭಾಗ. ಪ್ರಸ್ಥದ ಕಾಲು ಭಾಗವಾದ ಕುಡವವನ್ನು ಇದು ಧ್ವನಿಯಿಂದಲೂ ಪ್ರಮಾಣದಿಂದಲೂ ನೆನಪಿಸುವುದರಿಂದ ಒಂದರಿಂದ ಇನ್ನೊಂದು ಹುಟ್ಟಿತೆಂದು ಹೇಳಲು ಆಸೆಯಾಗುತ್ತದೆ. ಆದರೆ ಮಂಗಳೂರಿನಲ್ಲಿಯೇ ೧೮೯೪ರಲ್ಲಿ ಅಚ್ಚಾದ ಕಿಟ್ಟೆಲರ ಕೋಶದಲ್ಲಿ ಕುಡಿತೆಯೆಂಬ ದೇಶ್ಯಪದಕ್ಕೆ ಗುಳಿಮಾಡಿದ ಅಂಗೈ, ಬೊಗಸೆ ಎಂಬ ಅರ್ಥವಿದೆ. ಕುಡ್ತೆಯು ಇದರಿಂದ ಬಂದುದೆನ್ನುವುದೇ ಹೆಚ್ಚು ಯುಕ್ತ. ಹಾಗಾದರೆ ಅದರ ನಿಜವಾದ ನಂಟು ಕುಡವದೊಡನಲ್ಲ, ಅನುಯೋಗದ್ವಾರದ ಪ್ರಸೃತಿಯೊಡನೆ.

ಚಾವುಂಡರಾಯನ ಲೋಕೋಪಕಾರ, ಮೂರನೆಯ ಮಂಗರಸನ ಸೂಪಶಾಸ್ತ್ರಗಳಂತಹ ಕೃತಿಗಳನ್ನು ಓದುವಾಗ ಬೋಳಾರದ ಅಡುಗೆಮನೆಯ ಈ ರೂಢಿಯಿಂದ ಒಂದು ಉಪಕಾರವಿದೆ. ಇಡ್ಲಿಗೆ ಒಂದು ಪಾಲು ಉದ್ದಿಗೆ ಎರಡು ಪಾಲು ಅಕ್ಕಿ ಎನ್ನುವವಳು ಕುಡ್ತೆಯ ಗಾತ್ರವನ್ನು ಗ್ರಾಮಿನಲ್ಲಿ ತಿಳಿದಿರಬೇಕಾಗಿಲ್ಲ. ಎರಡನ್ನೂ ಒಂದೇ ಕುಡ್ತೆಯಿಂದ ಅಳೆದರೆ ಸಾಕು. ಅಕ್ಕಿ, ಉದ್ದುಗಳೆರಡೂ ಸಮಗಾತ್ರದಲ್ಲಿ ಹೆಚ್ಚು ಕಡಮೆ ಒಂದೇ ತೂಗುವುದರಿಂದ ತೂಕದಲ್ಲಿ ಅಳೆದರೂ ಪಾಕ ಕೆಡದು. ಉಪ್ಪು, ಹಿಟ್ಟು, ಬೆಲ್ಲ, ತುಪ್ಪ, ಅರಳುಗಳು ಬಂದಲ್ಲಿ ಮಾತ್ರ ಇದು ನಡೆಯದು. ಹಸ್ತಪ್ರತಿಯಲ್ಲಿ ಪಾಲು ಹೇಳಿರುವಲ್ಲಿ ಗ್ರಾಂ ಬರೆದರೆ ಕವಿಯು ಹೇಳದ ಮಾತನ್ನು ಅವನ ಬಾಯಲ್ಲಿ ಇಟ್ಟಂತಾಗುತ್ತದೆ. ಮಾನದ ಹೆಸರನ್ನು ಹಾಗೆಯೇ ಉಳಿಸಿ, ದ್ರವ್ಯ ಯಾವುದು, ಗ್ರಂಥವು ಯಾವ ಪರಂಪರೆಯದು ಎಂಬುದನ್ನು ಟಿಪ್ಪಣಿಯಲ್ಲಿ ಹೇಳುವುದೇ ಸರಿಯಾದ ಕ್ರಮ.

ಮಠ, ಬಸದಿ, ಗುತ್ತಿನ ಮನೆಗಳ ಉಗ್ರಾಣಗಳಲ್ಲಿ ಹಳೆಯ ಸೇರು, ಪಾವು, ಕುಡ್ತೆಗಳು ಇನ್ನೂ ಇವೆ. ಕಂಚು, ಹಿತ್ತಾಳೆಗಳವು ಗುಜರಿಯವರ ಪಾಲಾಗುತ್ತಲೂ ಇವೆ. ಓಲೆಗರಿಗಳ ಪಟ್ಟಿ ಮಾಡಲು ಹೋದವರು ಅಂಥ ಪಾತ್ರೆ ಕಂಡಲ್ಲಿ ಅದರ ಮೇಲಿನ ಅಕ್ಷರ, ಮುದ್ರೆಗಳನ್ನು ಬರೆದುಕೊಂಡು, ಒಮ್ಮೆ ನೀರಿನಿಂದ, ಒಮ್ಮೆ ಬಾಯಿಮಟ್ಟದ ಅಕ್ಕಿಯಿಂದ, ಒಮ್ಮೆ ಶಿಖೆಯೆತ್ತಿದ ಅಕ್ಕಿಯಿಂದ, ಕೊನೆಗೊಮ್ಮೆ ಉದ್ದಿನಿಂದ ತುಂಬಿ ತೂಗಿ ನಾಲ್ಕು ಅಂಕಿಗಳನ್ನೂ ಗುರುತು ಹಾಕಿಕೊಳ್ಳಬೇಕು. ಅದಕ್ಕೆ ಬೇಕಾಗುವುದು ಒಂದು ತಕ್ಕಡಿ ಮತ್ತು ಅರ್ಧ ಗಂಟೆಯ ಕಾಲ.